ಎರೆಭೂಮಿಯಲ್ಲಿ ಕಸಿಮಾವು: ಸಸ್ಯಾಗಾರದ ಪರಿಸರದ ಪಾತ್ರ

ಧಾರವಾಡ ಜಿಲ್ಲೆಯ ಆಪೂಸು ಮಾವಿನ ತೋಟಗಳು ಬಹುಮಟ್ಟಿಗೆ ಪಶ್ಚಿಮದ ಧಾರವಾಡ ಹಾಗೂ ಕಲಘಟಗಿ ತಾಲ್ಲೂಕುಗಳ ಕೆಂಪು ನೆಲದಲ್ಲಿವೆ. ಪೂರ್ವಕ್ಕೆ ಸರಿದಂತೆ ಮಳೆ ಕಡಿಮೆಯಾಗಿ ನೆಲ ಕಪ್ಪಾಗುತ್ತದೆ. ಕುಂದಗೋಳ ತಾಲ್ಲೂಕಿನ ಯರಗುಪ್ಪಿ ಅಂಥ ಎರೆಭೂಮಿಯ ಗ್ರಾಮ. ಹತ್ತಿ, ಜೋಳ, ಮೆಣಸಿನಕಾಯಿಗಳ ಸೀಮೆ. ಇಂಥ ನೆಲದಲ್ಲಿ ಮಾವು ನೆಡಬಯಸುವವನ ಕೈಗೆ ಸಾಮಾನ್ಯವಾಗಿ ಬರುವುದು ಹಗುರ ಮಣ್ಣಿನ ಚೀಲದಲ್ಲಿ, ನೆರಳಿನಲ್ಲಿ ಬೆಳೆದ ಸಸಿ. ಆ ಸಸಿಯ ಭವಿಷ್ಯವು ನೆಟ್ಟ ನಂತರದ ಆರೈಕೆಯಷ್ಟೇ ಅದರ ಚೀಲದೊಳಗಿನ ಬಾಲ್ಯವನ್ನೂ ಅವಲಂಬಿಸಿದೆ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಆಪೂಸು ಏಕಭ್ರೂಣ ತಳಿ. ಓಟೆಯಿಂದ ಹುಟ್ಟಿದ ಗಿಡ ತಾಯಿಯ ಗುಣವನ್ನು ಯಥಾವತ್ತಾಗಿ ತೋರದ ಕಾರಣ ಕಸಿ ಅನಿವಾರ್ಯ. ಬೇರುಸಸಿಗಾಗಿ ಬಿತ್ತುವ ಓಟೆಗಳು ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುವುದರಿಂದ ಹಣ್ಣಿನ ಕಾಲದಲ್ಲಿಯೇ ಬಿತ್ತನೆ ನಡೆಯಬೇಕು. ಮೃದುಕಾಂಡ ಕಸಿಯಲ್ಲಿ ಬೇರುಸಸಿಯ ಎಳೆಯ, ತಾಮ್ರವರ್ಣದ ಚಿಗುರನ್ನು ಸೀಳಿ, ಬೆಣೆಯಂತೆ ಕೆತ್ತಿದ ಕಸಿಕಡ್ಡಿಯನ್ನು ಸೇರಿಸಿ ಪಾಲಿಥೀನ್ ಪಟ್ಟಿಯಿಂದ ಬಿಗಿಯುತ್ತಾರೆ. ಕಡ್ಡಿಯ ಎಲೆಗಳನ್ನು ಏಳೆಂಟು ದಿನ ಮೊದಲೇ, ತೊಟ್ಟು ಉಳಿಸಿ, ಕತ್ತರಿಸುವುದು ರೂಢಿ. ಇದರಿಂದ ಮೊಗ್ಗು ಉಬ್ಬುತ್ತದೆ.

ಬೆಸುಗೆ ಕೂಡುವವರೆಗೆ ಕಡ್ಡಿಗೆ ಬೇರಿನ ನೀರು ಸರಿಯಾಗಿ ತಲುಪದು. ಆದುದರಿಂದ ತೇವಭರಿತ ಗಾಳಿ ಮತ್ತು ತೆಳುನೆರಳು ಆಗ ಅವಶ್ಯ. ಆದರೆ ಅದೇ ನೆರಳು ತಿಂಗಳುಗಟ್ಟಲೆ ಮುಂದುವರಿದರೆ ಕಾಂಡ ತೆಳುವಾಗಿ ನೀಳವಾಗುತ್ತದೆ, ಎಲೆ ಮೃದುವಾಗುತ್ತದೆ. ಅಂಥ ಸಸಿ ಯರಗುಪ್ಪಿಯಂಥ ಬಯಲಿನ ಬಿಸಿಲುಗಾಳಿಗೆ ಬಿದ್ದೊಡನೆ ಸೊರಗುವುದು ಸಹಜ. ನೆರಳನ್ನೂ ನೀರನ್ನೂ ಹಂತಹಂತವಾಗಿ ಕಡಿಮೆ ಮಾಡಿ ಹದಗೊಳಿಸುವ ಕೆಲಸಕ್ಕೆ ಮಾರಾಟದ ಅವಸರದಲ್ಲಿ ಸಮಯ ಸಿಗುವುದಿಲ್ಲವೆಂದು ತೋರುತ್ತದೆ.

ಇದಕ್ಕಿಂತ ಗಂಭೀರವಾದುದು ಬೇರಿನ ಸಂಗತಿ. ಮಾವಿನ ತಾಯಿಬೇರು ನೇರವಾಗಿ ಆಳಕ್ಕಿಳಿಯುವ ಸ್ವಭಾವದ್ದು. ಗಿಡ್ಡ ಚೀಲದ ತಳ ತಾಗಿದೊಡನೆ ಅದು ಬಾಗಿ ಸುರುಳಿ ಸುತ್ತುತ್ತದೆ. ಇಲ್ಲವೆ ಚೀಲವನ್ನು ತೂರಿ ಕೆಳಗಿನ ನೆಲಕ್ಕಿಳಿದು, ಸಸಿ ಎತ್ತುವಾಗ ಹರಿಯುತ್ತದೆ. ಹಳೆಯ ಸಸಿ ಎತ್ತರವಾಗಿ ಕಾಣುವುದರಿಂದ ಕೊಳ್ಳುವವನಿಗೆ ಅದೇ ಮೆಚ್ಚುಗೆ. ಸುರುಳಿ ಬಿಗಿಯಾಗಿರುವುದೂ ಅದರಲ್ಲೇ! ಎರೆಮಣ್ಣಿನಲ್ಲಿ ಈ ದೋಷ ಇಮ್ಮಡಿಸುತ್ತದೆ. ಜೇಡಿಯಿಂದ ತುಂಬಿದ ಈ ಮಣ್ಣು ಮಳೆಯಲ್ಲಿ ಉಬ್ಬಿ, ಬೇಸಗೆಯಲ್ಲಿ ಆಳವಾಗಿ ಬಿರಿಯುತ್ತದೆ. ಬಿರುಕಿನೊಡನೆ ಎಳೆಬೇರುಗಳೂ ಹರಿಯುತ್ತವೆ. ಮಳೆಗಾಲದಲ್ಲಿ ನೆಟ್ಟ ಗುಂಡಿ ನೀರು ನಿಲ್ಲುವ ಬಟ್ಟಲಾದರೆ, ಮಳೆ ನಿಂತ ಮೇಲೆ ಚೀಲದ ಹಗುರ ಮಣ್ಣು ಸುತ್ತಲಿನ ಎರೆಗಿಂತ ಬೇಗ ಒಣಗುತ್ತದೆ. ಬೇರು ಆ ಗಡ್ಡೆಯನ್ನು ದಾಟಿ ಹೊರಬಾರದಿದ್ದರೆ ಪಕ್ಕದ ತೇವ ಸಸಿಗೆ ದಕ್ಕದು.

ಸಸ್ಯಾಗಾರದ ಲೆಕ್ಕದಲ್ಲಿ ಕಸಿ ಚಿಗುರಿದರೆ ಅದು ಯಶಸ್ಸು. ರೈತನ ಲೆಕ್ಕ ಬೇರೆ. ಫಸಲು ಕಾಣಲು ಹಲವು ವರ್ಷ ಕಾಯಬೇಕಾದ ಬೆಳೆಯಲ್ಲಿ, ಬೇರಿನ ದೋಷ ಬಯಲಾಗುವ ಹೊತ್ತಿಗೆ ಹೊಲದ ಆ ಭಾಗದ ಜೋಳ, ಹತ್ತಿಗಳ ಆದಾಯವೂ ಹೋಗಿರುತ್ತದೆ. ಆದ್ದರಿಂದ ಆಳವಾದ ಚೀಲ, ಎಳೆವಯಸ್ಸಿನ ಸಸಿ, ಚೀಲದ ಮಿಶ್ರಣದಲ್ಲಿ ಸ್ವಲ್ಪ ಸ್ಥಳೀಯ ಮಣ್ಣು ಇವು ಪರಿಗಣನಾರ್ಹ. ಖುಷ್ಕಿ ಪ್ರದೇಶಗಳಿಗೆ ಸೂಚಿತವಾಗಿರುವ ಇನ್ನೊಂದು ಕ್ರಮವೂ ಇದೆ: ಓಟೆಯನ್ನು ಹೊಲದ ಗುಂಡಿಯಲ್ಲಿಯೇ ಬಿತ್ತಿ, ತಾಯಿಬೇರು ಅಡೆತಡೆಯಿಲ್ಲದೆ ಇಳಿದ ಮೇಲೆ ಅಲ್ಲಿಯೇ ಮೃದುಕಾಂಡ ಕಸಿ ಕಟ್ಟುವುದು. ಇದಕ್ಕೆ ಕಸಿ ಕಟ್ಟುವವನು ಹದವಾದ ಕಡ್ಡಿಗಳೊಡನೆ, ಚಿಗುರು ಮೂಡಿದ ಕೆಲವೇ ದಿನಗಳೊಳಗೆ, ಹೊಲಕ್ಕೇ ಬರಬೇಕಾಗುತ್ತದೆ.