ಕಿಯಾಂಟಿಯ ಕೆಂಪು ಮದ್ಯ

ಗಾಜಿನ ಬಟ್ಟಲಿಗೆ ಬಗ್ಗಿಸಿದ ಕಿಯಾಂಟಿಯ ದ್ರಾಕ್ಷಾಮದ್ಯವು ಕಣ್ಣಿಗೆ ಮಾಣಿಕ್ಯದ ಕೆಂಪು. ಕಪ್ಪಿಗೆ ತಿರುಗಿದ ಕೆಂಪಲ್ಲ, ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣಿಸುವಷ್ಟು ತಿಳಿ. ಬಲ್ಲವರು ಅದನ್ನು ಒಡನೆಯೇ ಕುಡಿಯುವುದಿಲ್ಲ. ಬಟ್ಟಲನ್ನು ಮೆಲ್ಲನೆ ತಿರುಗಿಸಿ ಮೊದಲು ಮೂಸುವರು: ಹುಳಿ ಚೆರ್ರಿ ಹಣ್ಣಿನ ಕಂಪು, ಅದರ ಹಿಂದೆ ವಯೊಲೆಟ್ ಹೂವಿನದು. ಬಳಿಕ ಒಂದು ಗುಟುಕು. ನಾಲಗೆಯ ಅಂಚುಗಳಲ್ಲಿ ಹುಳಿ ಚುರುಕೆನ್ನುತ್ತದೆ. ನುಂಗಿದ ಮೇಲೆ ಎಳೆಯಡಕೆ ಜಗಿದಂತೆ ಒಗರು ಒಸಡುಗಳನ್ನು ಹಿಡಿಯುತ್ತದೆ. ಹೊಸಬನಿಗೆ ಇದು ಒರಟೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಇದು ಊಟದ ಜೊತೆಯ ಪಾನೀಯವೆಂಬುದನ್ನು ಮರೆಯಲಾಗದು. ಆಲಿವ್ ಎಣ್ಣೆಯ ಜಿಡ್ಡನ್ನೂ ಮಾಂಸದ ಕೊಬ್ಬನ್ನೂ ಆ ಹುಳಿ ಒಗರುಗಳೇ ಕಳೆಯತಕ್ಕವು.

ಈ ರುಚಿಗೆ ಕಾರಣ ಸಾಂಜೊವೇಸೆ ಎಂಬ ಕಪ್ಪು ದ್ರಾಕ್ಷಿ. ಇಟಲಿಯ ಟಸ್ಕನಿ ಪ್ರಾಂತದಲ್ಲಿ ಫ್ಲಾರೆನ್ಸಿಗೂ ಸಿಯೇನಾಕ್ಕೂ ನಡುವಣ ಗುಡ್ಡಗಳು ಕಿಯಾಂಟಿಯ ತೌರು. ೧೭೧೬ರಷ್ಟು ಹಿಂದೆಯೇ ಟಸ್ಕನಿಯ ದೊರೆ ಮೂರನೆಯ ಕೋಸಿಮೊ ಈ ನಾಡಿನ ಎಲ್ಲೆಯನ್ನು ಶಾಸನದಿಂದ ಗೊತ್ತುಮಾಡಿದನು. ಯಾವ ದ್ರಾಕ್ಷಿ ಎಷ್ಟಿರಬೇಕೆಂಬುದು ಮಾತ್ರ ಗೊತ್ತಾಗಲಿಲ್ಲ.

ಆ ಕೆಲಸಕ್ಕೆ ಕೈಹಾಕಿದವನು ಬ್ರೋಲಿಯೊ ಕೋಟೆಯ ಒಡೆಯನಾದ ಬೆಟ್ಟೀನೊ ರಿಕಾಸೊಲಿ. ಒಂದುಗೂಡಿದ ಇಟಲಿಗೆ ೧೮೬೧ರಲ್ಲಿ ಕಾವೂರನ ತರುವಾಯ ಪ್ರಧಾನಮಂತ್ರಿಯಾದವನೂ ಈತನೇ. ಬಹುಕಾಲದ ಪ್ರಯೋಗಗಳ ಬಳಿಕ ೧೮೭೨ರಲ್ಲಿ ಆತನು ಪೀಸಾದ ಪ್ರಾಧ್ಯಾಪಕರೊಬ್ಬರಿಗೆ ಪತ್ರ ಬರೆದು ತನ್ನ ನಿರ್ಣಯವನ್ನು ತಿಳಿಸಿದನು: ಕಂಪಿಗೂ ಕಸುವಿಗೂ ಸಾಂಜೊವೇಸೆ; ಅದರ ಒರಟುತನವನ್ನು ತಗ್ಗಿಸಲು ಕಾನಾಯೋಲೊ; ಹಗುರಮಾಡಿ ದಿನಬಳಕೆಗೆ ಒದಗಿಸಲು ಮಾಲ್ವಸೀಯ ಎಂಬ ಬಿಳಿ ದ್ರಾಕ್ಷಿ. ವರ್ಷಗಟ್ಟಲೆ ಇಟ್ಟು ಮಾಗಿಸತಕ್ಕ ಮದ್ಯದಲ್ಲಿ ಈ ಬಿಳಿಯದನ್ನು ಕಡಮೆಮಾಡಬಹುದೆಂದೂ ಸೂಚಿಸಿದ್ದನು.

ಮುಂದಿನವರು ಆ ಸೂಚನೆಯನ್ನು ಬಿಟ್ಟು ಬೆರಕೆಯನ್ನಷ್ಟೇ ಹಿಡಿದರು. ೧೯೬೭ರ ಕಾನೂನು ನೂರಕ್ಕೆ ೧೦ರಿಂದ ೩೦ ಪಾಲು ಬಿಳಿ ದ್ರಾಕ್ಷಿ ಇರಲೇಬೇಕೆಂದು ವಿಧಿಸಿತು. ಅದೂ ಬರಿಯ ಮಾಲ್ವಸೀಯವಲ್ಲ, ಹೇರಳವಾಗಿ ಬೆಳೆಯುವ ಸಪ್ಪೆಯ ತ್ರೆಬ್ಬಿಯಾನೊ ಕೂಡ. ಒಳ್ಳೆಯ ಮದ್ಯ ಮಾಡಬಯಸಿದವನು ಕಾನೂನು ಮೀರಬೇಕಾದ ವಿಪರೀತವನ್ನು ಏನೆನ್ನೋಣ! ಹುಲ್ಲಿನ ಹೆಣಿಗೆಯ ಬುರುಡೆಯಾಕಾರದ ಸೀಸೆಯನ್ನು ಮೆಚ್ಚಿ ಕೊಂಡವರು ಒಳಗಿನ ನೀರುನೀರಾದ ರಸಕ್ಕೆ ಮುಖ ಸಿಂಡರಿಸುವಂತಾಯಿತು. ಕಡೆಗೆ ಆಂಟಿನೋರಿ ಮನೆತನದವರು ೧೯೭೧ರ ಬೆಳೆಯ ತಮ್ಮ ‘ತಿನ್ಯಾನೆಲ್ಲೊ’ವನ್ನು, ಕಿಯಾಂಟಿ ಎಂಬ ಹೆಸರನ್ನೇ ತೊರೆದು, ‘ಊಟದ ಮೇಜಿನ ಮದ್ಯ’ವೆಂಬ ಕೆಳದರ್ಜೆಯ ಚೀಟಿಯೊಡನೆ ಮಾರಿದರು. ೧೯೭೫ರ ಬೆಳೆಗೆ ಅದರಲ್ಲಿ ಬಿಳಿ ದ್ರಾಕ್ಷಿಯೇ ಉಳಿಯಲಿಲ್ಲ. ಚೀಟಿ ಕೆಳದರ್ಜೆಯದು, ಬೆಲೆ ಮೇಲುದರ್ಜೆಯದು. ಕೊಳ್ಳುವವರ ನಾಲಗೆ ಕಾನೂನನ್ನು ಕೇಳಲಿಲ್ಲ.

ಕಾನೂನು ಮಣಿಯಲು ಬಹಳ ಕಾಲ ಹಿಡಿಯಿತು. ೧೯೮೪ರಲ್ಲಿ ಬಿಳಿಯ ಪಾಲು ಇಳಿಯಿತು. ೨೦೦೬ರ ಬೆಳೆಯಿಂದ ‘ಕಿಯಾಂಟಿ ಕ್ಲಾಸಿಕೊ’ದಲ್ಲಿ ಅದು ನಿಷಿದ್ಧವಾಯಿತು. ಕಪ್ಪು ಹುಂಜದ ಮುದ್ರೆಯುಳ್ಳ ಆ ಸೀಸೆಯಲ್ಲಿ ಈಗ ನೂರಕ್ಕೆ ೮೦ ಪಾಲಿಗೆ ಕಡಮೆಯಿಲ್ಲದೆ ಸಾಂಜೊವೇಸೆ ಇರಬೇಕು. ಹುಂಜವಿಲ್ಲದೆ ಬರಿಯ ‘ಕಿಯಾಂಟಿ’ ಎಂದಿರುವ ಸೀಸೆಯಲ್ಲಾದರೋ ಬಿಳಿಯದಕ್ಕೆ ನೂರಕ್ಕೆ ೧೦ರವರೆಗೆ ಇಂದಿಗೂ ಎಡೆಯುಂಟು.