ಕಾಲೇಜು ಬಿಡದೆ ಸೈನ್ಯದ ಆಫೀಸರ್ ಆಗುವುದು ಹೇಗೆ?



ನಸುಕಿನ ಐದು ಗಂಟೆಗೆ ಎದ್ದು ನಮ್ಮೂರ ಡಾಂಬರ ರಸ್ತೆಗೆ ಹೋಗಿ ನೋಡಿರಿ. ಹತ್ತು ಹನ್ನೆರಡು ಜನ ಅಣ್ಣಂದಿರು ಓಡುತ್ತಿರುತ್ತಾರೆ. ಕಬ್ಬಿನ ಟ್ರ್ಯಾಕ್ಟರ್ ಬಂದರೆ ಬದಿಗೆ ಸರಿಯುತ್ತಾರೆ, ಹೋದ ಮೇಲೆ ಮತ್ತೆ ಓಡುತ್ತಾರೆ. ಯಾಕೆ ಓಡತೀರಿ ಅಂತ ಕೇಳಿದರೆ "ಭರ್ತಿಗೆ" ಅನ್ನುತ್ತಾರೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕುಗಳ ಹಳ್ಳಿಗಳಲ್ಲಿ ಭರ್ತಿ ಅಂದರೆ ಸೈನ್ಯದ ಭರ್ತಿ ಅಂತ ಸಣ್ಣ ಹುಡುಗರಿಗೂ ಗೊತ್ತು. ನಮ್ಮ ಜಿಲ್ಲಾ ಊರಾದ ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರವೇ ಇದೆ.

ಆದರೆ ಸೈನ್ಯದಲ್ಲಿ ಜವಾನ ಆಗುವ ದಾರಿ ಬೇರೆ, ಆಫೀಸರ್ ಆಗುವ ದಾರಿ ಬೇರೆ. ಮೊದಲನೆಯದು ನಮ್ಮ ಊರಿಗೆಲ್ಲ ಗೊತ್ತು. ಎರಡನೆಯದು ಗೊತ್ತಿದ್ದವರು ಬಹಳ ಕಡಿಮೆ. ಅದಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ನಮ್ಮ ಓಣಿಯಲ್ಲಿ ನಿವೃತ್ತ ಸುಬೇದಾರ ಅಜ್ಜ ಇದ್ದಾರೆ. ಅವರು ನನಗೆ ಹೀಗೆ ಹೇಳಿದರು: "ತಮ್ಮಾ, ನಾ ಇಪ್ಪತ್ತೆಂಟ ವರ್ಷ ನೌಕರಿ ಮಾಡಿ ಸುಬೇದಾರ ಆದೆ. ಇಪ್ಪತ್ಮೂರ ವರ್ಷದ ಹುಡುಗ ಲೆಫ್ಟಿನೆಂಟ್ ಆಗಿ ಬಂದರ ಅವಗ ನಾ ಸಲ್ಯೂಟ್ ಹೊಡೀತಿದ್ದೆ. ಅಂವ ನನಗಿಂತ ಗಟ್ಟಿ ಅಂತ ಅಲ್ಲ. ಅಂವ ಕಾಲೇಜ ಬಿಟ್ಟಿರಲಿಲ್ಲ, ನಾ ಸಾಲೀನ ಬಿಟ್ಟಿದ್ದೆ."

ಈ ಮಾತು ನನ್ನ ಮನಸ್ಸಿನಲ್ಲಿ ಕುಂತುಬಿಟ್ಟಿತು.

ಕಾಲೇಜು ಕಲಿಯುತ್ತಲೇ ಸೈನ್ಯದ ಪಾಠ ಕಲಿಸುವುದು ಎನ್.ಸಿ.ಸಿ. ಅಂದರೆ ರಾಷ್ಟ್ರೀಯ ಕೆಡೆಟ್ ದಳ. ಇದು 1948ರಲ್ಲಿ ಕಾಯ್ದೆಯ ಮೂಲಕ ಶುರುವಾಯಿತು. ಮರುವರ್ಷ 1949ರಲ್ಲಿ ಹುಡುಗಿಯರ ವಿಭಾಗವೂ ಬಂತು. ಇದರ ಧ್ಯೇಯವಾಕ್ಯ "ಏಕತೆ ಮತ್ತು ಶಿಸ್ತು". ನಮ್ಮ ಭಾಗಕ್ಕೆ ಇದರ ಗ್ರೂಪ್ ಕಚೇರಿ ಬೆಳಗಾವಿಯಲ್ಲಿದೆ.

ನಮ್ಮ ಅಕ್ಕ ಚಿಕ್ಕೋಡಿಯಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಾಳೆ. ಅವಳು ಎನ್.ಸಿ.ಸಿ. ಕೆಡೆಟ್. ಪರೇಡ್ ಇದ್ದ ದಿನ ಮೊದಲನೇ ಬಸ್ಸಿಗೇ ಹೋಗುತ್ತಾಳೆ. ರಾತ್ರಿಯೇ ಖಾಕಿ ಬಟ್ಟೆಗೆ ಇಸ್ತ್ರಿ ಹಾಕಿ, ಬೂಟಿಗೆ ಪಾಲಿಶ್ ಮಾಡಿ ಇಡುತ್ತಾಳೆ. ಅಲ್ಲಿ ಹುಕುಮು ಎಲ್ಲಾ ಹಿಂದಿಯಲ್ಲಿ. "ಸಾವಧಾನ್" ಅಂದರೆ ನೆಟ್ಟಗೆ ನಿಲ್ಲಬೇಕು, "ವಿಶ್ರಾಮ್" ಅಂದರೆ ಕಾಲು ಅಗಲಿಸಿ ನಿಲ್ಲಬೇಕು. ಕವಾಯತು, ನಕಾಶೆ ಓದುವುದು, ಪ್ರಥಮ ಚಿಕಿತ್ಸೆ, ಬಂದೂಕು ಬಿಚ್ಚಿ ಜೋಡಿಸುವುದು, .22 ರೈಫಲ್‌ನಿಂದ ಗುರಿ ಹೊಡೆಯುವುದು ಇವೆಲ್ಲ ಕಲಿಸುತ್ತಾರೆ. ವರ್ಷಕ್ಕೊಮ್ಮೆ ಹತ್ತು ದಿನದ ಕ್ಯಾಂಪ್ ಇರುತ್ತದೆ. ಮೊದಲನೇ ಕ್ಯಾಂಪಿಗೆ ಹೋಗುವಾಗ ಅವ್ವ "ಬಿಸಲಾಗ ಕರ್ರಗ ಆಗತಿ, ಬ್ಯಾಡ" ಅಂದಿದ್ದಳು. ಅಕ್ಕ ಕರ್ರಗೇ ಆಗಿ ಬಂದಳು, ಆದರೆ ನಾಲ್ಕು ಜನರ ಮುಂದೆ ನಿಂತು ಮಾತಾಡುವುದನ್ನು ಕಲಿತು ಬಂದಳು.

ಎನ್.ಸಿ.ಸಿ.ಯಲ್ಲಿ ಮೂರು ಪ್ರಮಾಣಪತ್ರಗಳಿವೆ. ಹೈಸ್ಕೂಲಿನಲ್ಲಿ ಎರಡು ವರ್ಷ ಮುಗಿಸಿ ಪರೀಕ್ಷೆ ಪಾಸಾದರೆ 'ಎ'. ಕಾಲೇಜಿನಲ್ಲಿ ಎರಡು ವರ್ಷಕ್ಕೆ 'ಬಿ', ಮೂರನೇ ವರ್ಷಕ್ಕೆ 'ಸಿ'. ಪರೇಡ್ ತಪ್ಪಿಸಿದರೆ, ಕ್ಯಾಂಪಿಗೆ ಹೋಗದಿದ್ದರೆ ಪರೀಕ್ಷೆಗೆ ಕೂಡಿಸುವುದಿಲ್ಲ. ಎಲ್ಲಕ್ಕಿಂತ ಮುಖ್ಯ 'ಸಿ' ಪ್ರಮಾಣಪತ್ರ. ಯಾಕೆಂದರೆ ಅದೇ ಆಫೀಸರ್ ಆಗುವ ಒಂದು ಬಾಗಿಲು.

ಅದು ಹೇಗೆ? ಸಾಮಾನ್ಯವಾಗಿ ಪದವೀಧರರು ಆಫೀಸರ್ ಆಗಬೇಕಾದರೆ ಮೊದಲು ಸಿ.ಡಿ.ಎಸ್. ಎಂಬ ಲಿಖಿತ ಪರೀಕ್ಷೆ ಬರೆಯಬೇಕು. ಅದನ್ನು ಯು.ಪಿ.ಎಸ್.ಸಿ. ವರ್ಷಕ್ಕೆ ಎರಡು ಸಲ ನಡೆಸುತ್ತದೆ. ಆದರೆ 'ಸಿ' ಪ್ರಮಾಣಪತ್ರದಲ್ಲಿ ಕನಿಷ್ಠ 'ಬಿ' ಶ್ರೇಣಿ, ಡಿಗ್ರಿಯಲ್ಲಿ ಶೇ. 50 ಅಂಕ ಇದ್ದವರು ಎನ್.ಸಿ.ಸಿ. ವಿಶೇಷ ಪ್ರವೇಶಕ್ಕೆ ಅರ್ಜಿ ಹಾಕಬಹುದು. ಅವರಿಗೆ ಲಿಖಿತ ಪರೀಕ್ಷೆ ಇಲ್ಲ. ವಯಸ್ಸು 19ರಿಂದ 25ರ ಒಳಗಿರಬೇಕು, ಮದುವೆ ಆಗಿರಬಾರದು.

ಅರ್ಜಿ ಆಯ್ಕೆಯಾದರೆ ಎಸ್.ಎಸ್.ಬಿ. ಸಂದರ್ಶನಕ್ಕೆ ಕರೆಯುತ್ತಾರೆ. ಇದರ ಒಂದು ಕೇಂದ್ರ ಬೆಂಗಳೂರಿನಲ್ಲಿದೆ. ಸಂದರ್ಶನ ಐದು ದಿನ ನಡೆಯುತ್ತದೆ. ಮೊದಲನೇ ದಿನ ಬುದ್ಧಿ ಪರೀಕ್ಷೆ ಮತ್ತು ಚಿತ್ರ ನೋಡಿ ಕಥೆ ಬರೆಯುವುದು. ಬಹಳ ಜನ ಅವತ್ತೇ ವಾಪಸ್ ಬರುತ್ತಾರೆ. ಉಳಿದವರಿಗೆ ಮನಸ್ಸಿನ ಪರೀಕ್ಷೆ, ಗುಂಪಿನ ಕೆಲಸ, ಮಾತುಕತೆ. ಹಲಗೆ, ಹಗ್ಗ, ಪೀಪಾಯಿ ಕೊಟ್ಟು "ಎಲ್ಲರೂ ಕೂಡಿ ಇದನ್ನು ದಾಟಿರಿ" ಅನ್ನುತ್ತಾರೆ. ಒಬ್ಬನೇ ಜಿಗಿದು ಹೋದರೆ ಉಪಯೋಗವಿಲ್ಲ, ಉಳಿದವರನ್ನೂ ದಾಟಿಸಬೇಕು. ಆಮೇಲೆ ವೈದ್ಯಕೀಯ ತಪಾಸಣೆ. ಎಲ್ಲದರಲ್ಲಿ ಪಾಸಾಗಿ, ಅರ್ಹತಾ ಪಟ್ಟಿಯಲ್ಲಿ ಹೆಸರು ಬಂದವರಿಗೆ ಚೆನ್ನೈನ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿಯಲ್ಲಿ 49 ವಾರ ತರಬೇತಿ. ಆಗ ತಿಂಗಳಿಗೆ 56,100 ರೂಪಾಯಿ ಕೊಡುತ್ತಾರೆ. ಮುಗಿದ ಮೇಲೆ ಹೆಗಲ ಮೇಲೆ ಎರಡು ನಕ್ಷತ್ರ, ಲೆಫ್ಟಿನೆಂಟ್! ಮೊದಲಿಗೆ ಹತ್ತು ವರ್ಷದ ಸೇವೆ.

ಇಲ್ಲಿ ನಮ್ಮೂರಲ್ಲಿ ನಾನು ಕೇಳಿದ ಕೆಲವು ತಪ್ಪು ಮಾತುಗಳನ್ನು ತಿದ್ದಬೇಕು.

ಒಂದು, "ಎನ್.ಸಿ.ಸಿ. ಸೇರಿದರ ಯುದ್ಧಕ್ಕ ಒಯ್ತಾರ." ಇಲ್ಲ. ಸೈನ್ಯ ಸೇರಲೇಬೇಕೆಂಬ ಕಡ್ಡಾಯ ಇಲ್ಲ.

ಎರಡು, "'ಸಿ' ಸಿಕ್ಕರ ಆಫೀಸರ್ ಆದಂಗ." ಅದೂ ಇಲ್ಲ. ಅದು ಬಾಗಿಲು ತೆರೆಯುತ್ತದೆ, ಒಳಗೆ ನಾವೇ ನಡೆದು ಹೋಗಬೇಕು.

ಮೂರು, "ಇದು ಹುಡುಗರ ಕೆಲಸ." 1992ರಿಂದ ಹೆಣ್ಣುಮಕ್ಕಳೂ ಚೆನ್ನೈಯಲ್ಲಿ ತರಬೇತಿ ಪಡೆಯುತ್ತಿದ್ದಾರೆ. ಆದರೆ ಅವರಿಗೆ ಜಾಗ ಕಡಿಮೆ. ಪಿಯುಸಿ ಮೇಲೆ ಸೇರುವ ಪುಣೆ ಹತ್ತಿರದ ಖಡಕವಾಸಲಾದ ಎನ್.ಡಿ.ಎ.ಗೂ 2022ರಿಂದ ಹುಡುಗಿಯರು ಹೋಗುತ್ತಿದ್ದಾರೆ.

ನಾಲ್ಕು, "ಕನ್ನಡ ಸಾಲಿಯವರಿಗೆ ಆಗೂದಿಲ್ಲ." ಇಂಗ್ಲಿಷ್ ಬೇಕು ಎಂಬುದು ಖರೆ. ಆದರೆ ಕಲಿಯಲು ನಮಗೆ ಇನ್ನೂ ಎಂಟು ವರ್ಷ ಇದೆ. ಅಕ್ಕ ದಿನಾ ಒಂದು ಪುಟ ಇಂಗ್ಲಿಷನ್ನು ದೊಡ್ಡ ಧ್ವನಿಯಲ್ಲಿ ಓದುತ್ತಾಳೆ, ನಾನೂ ಹತ್ತಿರ ಕೂಡುತ್ತೇನೆ.

ನಮ್ಮ ಕೊಡಗಿನ ಕೆ. ಎಂ. ಕಾರಿಯಪ್ಪನವರು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುವಾಗ, ಭಾರತೀಯರನ್ನೂ ಆಫೀಸರ್ ತರಬೇತಿಗೆ ತೆಗೆದುಕೊಳ್ಳುತ್ತಾರೆಂಬ ಸುದ್ದಿ ತಿಳಿದು ಅರ್ಜಿ ಹಾಕಿದರು. 1919ರಲ್ಲಿ ಇಂದೋರಿನಲ್ಲಿ ತರಬೇತಿ ಪಡೆದರು. 1949ರ ಜನವರಿ 15ರಂದು ಭಾರತದ ಸೈನ್ಯಕ್ಕೆ ಮೊದಲ ಭಾರತೀಯ ಮುಖ್ಯಸ್ಥರಾದರು. ಅದಕ್ಕೇ ಆ ದಿನ ಸೇನಾ ದಿನ. ಸುದ್ದಿ ತಿಳಿದದ್ದರಿಂದ ಅರ್ಜಿ ಹಾಕಿದರು. ತಿಳಿಯದಿದ್ದರೆ?

ಈಗ ನಮ್ಮ ಮನೆಯ ಮಾತು. ದೀಪಾವಳಿ ಆದ ಮೇಲೆ ಅಕ್ಕನಿಗೆ ಒಂದು ಸಂಬಂಧ ಬಂತು. ಹುಡುಗ ಒಳ್ಳೆಯವನು, ಹೊಲ ಇದೆ. ಅಪ್ಪ ಒಪ್ಪುವುದರಲ್ಲಿದ್ದರು. ಅಕ್ಕ ಏನೂ ಅನ್ನದೆ ಬೂಟು ತಿಕ್ಕುತ್ತಾ ಕುಂತಿದ್ದಳು. ನನಗೆ ತಡೆಯಲಾಗಲಿಲ್ಲ. ಓಡಿ ಹೋಗಿ ಸುಬೇದಾರ ಅಜ್ಜನನ್ನು ಕರೆದುಕೊಂಡು ಬಂದೆ. ಅಜ್ಜ ಅಪ್ಪನ ಮುಂದೆ ನಿಯಮ ಹೇಳಿದರು. ಮದುವೆ ಆದರೆ ಅರ್ಜಿಯೇ ಹಾಕುವಂತಿಲ್ಲ, ತರಬೇತಿ ಮುಗಿಯುವ ತನಕವೂ ಮದುವೆ ಆಗುವಂತಿಲ್ಲ ಅಂದರು. ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ "ಫೆಬ್ರುವರಿದಾಗ 'ಸಿ' ಪರೀಕ್ಷಾ ಐತಿ ಅಂತಾಳ. ಅದೂ ಆಗಲಿ, ಬೆಂಗಳೂರಿಗೂ ಒಂದ್ಸಲ ಹೋಗಿ ಬರಲಿ. ಅಲ್ಲೀತನಕ ಯಾರಿಗೂ ಬರ್ರಿ ಅನ್ನೂದಿಲ್ಲ" ಅಂದರು.

ಅಕ್ಕ ಆಯ್ಕೆ ಆಗುತ್ತಾಳೋ ಇಲ್ಲವೋ ಗೊತ್ತಿಲ್ಲ. ಆದರೆ ಬಾಗಿಲು ಮುಚ್ಚಲಿಲ್ಲ.

ಗೆಳೆಯರೇ, ಬರುವ ವರ್ಷ ನಾವು ಎಂಟನೇ ತರಗತಿ. ನೀವು ಸೇರುವ ಹೈಸ್ಕೂಲಿನಲ್ಲಿ ಎನ್.ಸಿ.ಸಿ. ಇದ್ದರೆ ಹೆಸರು ಕೊಡಿರಿ. ಇಲ್ಲದಿದ್ದರೆ ಕಾಲೇಜಿನಲ್ಲಿ ಸೇರಬಹುದು. ಅಲ್ಲಿಯೂ ಇಲ್ಲದಿದ್ದರೆ ಸಿ.ಡಿ.ಎಸ್. ಪರೀಕ್ಷೆ ಇದ್ದೇ ಇದೆ. ರಸ್ತೆಯಲ್ಲಿ ಓಡುವ ಅಣ್ಣಂದಿರಿಗೂ ಒಂದು ವಿನಂತಿ: ಓಡಿರಿ, ಓಡುವುದನ್ನು ಬಿಡಬೇಡಿರಿ. ಆದರೆ ಕಾಲೇಜನ್ನೂ ಬಿಡಬೇಡಿರಿ.

ಜೈ ಹಿಂದ್!
— 7ನೇ ತರಗತಿ ವಿದ್ಯಾರ್ಥಿ