ಗಣಕಯಂತ್ರಕ್ಕೆ ನಿಸ್ತಂತು ಅಡಾಪ್ಟರ್: ಅಲ್ಪ ವೆಚ್ಚದ ಖರೀದಿಯಲ್ಲೂ ಬೇಕು ಜಾಗ್ರತೆ

ಧಾರವಾಡದಿಂದ ಬೆಳಗಾವಿಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿಯ ಬೇಲೂರು ಕೈಗಾರಿಕಾ ಪ್ರದೇಶದಂಥ ಕಡೆ ಸಣ್ಣ ಘಟಕವೊಂದನ್ನು ಊಹಿಸಿಕೊಳ್ಳಬಹುದು. ರೌಟರ್ ಮುಂಭಾಗದ ಕಚೇರಿಯಲ್ಲಿದೆ. ಮಾಲು ರವಾನೆಯ ಗಣಕಯಂತ್ರ ಶೆಡ್ಡಿನ ಹಿಂಬದಿಯಲ್ಲಿದೆ. ಲಾರಿ ತುಂಬಿ ನಿಂತಾಗ ಅಂತರ್ಜಾಲ ಕೈಕೊಟ್ಟರೆ ಮಾಲು ಹೊರಡುವಂತಿಲ್ಲ. 50,000 ರೂ. ಮೀರಿದ ಸರಕಿನ ಸಾಗಣೆಗೆ ಸಾಮಾನ್ಯವಾಗಿ ಇ-ವೇ ಬಿಲ್ ಬೇಕು. ವಾರ್ಷಿಕ ವಹಿವಾಟು 5 ಕೋಟಿ ರೂ. ಮೀರಿದವರಿಗೆ, ಕೆಲವು ವಿನಾಯಿತಿಗಳನ್ನು ಬಿಟ್ಟು, 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ. ಆದ್ದರಿಂದ ಕೆಲವೇ ನೂರು ರೂಪಾಯಿಯ ಅಡಾಪ್ಟರಿನ ಆಯ್ಕೆಯೂ ವ್ಯವಹಾರದ ಪ್ರಶ್ನೆಯೇ ಆಗಿದೆ.

ಮೊದಲು ತಂತಿಯ ವಿಚಾರ

ಗಣಕಯಂತ್ರ ಸ್ಥಿರವಾಗಿ ಒಂದೇ ಕಡೆ ಇರುವುದಾದರೆ ಈಥರ್ನೆಟ್ ಕೇಬಲ್ಲೇ ಉತ್ತಮ. ಒಂದೇ ಎಳೆಯಲ್ಲಿ 100 ಮೀಟರ್‌ವರೆಗೆ ಅದು ಕೆಲಸ ಮಾಡುತ್ತದೆ. ಕೇಬಲ್ ಎಳೆಯಲು ಸಾಧ್ಯವಿಲ್ಲದ ಕಡೆ ಮಾತ್ರ ನಿಸ್ತಂತು ಸಾಧನದ ಮೊರೆ ಹೋಗುವುದು ಲೇಸು.

ಪೆಟ್ಟಿಗೆಯ ಮೇಲಿನ ಅಂಕಿ

ಅಗ್ಗದ ‘ಎನ್150’ ಮಾದರಿಗಳು 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಷ್ಟೇ ಕೆಲಸ ಮಾಡುತ್ತವೆ. ‘ಎಸಿ600’ ಎಂದರೆ ಎರಡು ಪಟ್ಟಿಗಳ ವೇಗಗಳಾದ 150 ಮತ್ತು 433ರ ಮೊತ್ತವನ್ನು ಮೇಲಕ್ಕೆ ಸರಿಹೊಂದಿಸಿದ ಅಂಕಿ. ಅಷ್ಟು ವೇಗ ಒಟ್ಟಿಗೆ ದೊರೆಯದು. ಬಿಲ್ಲು ಬರೆಯಲು ಎನ್150 ಸಾಕಾದರೂ, ನೆರೆಹೊರೆಯ ರೌಟರ್‌ಗಳಿಂದ 2.4ರ ಪಟ್ಟಿ ದಟ್ಟಣೆಗೊಂಡಿದ್ದರೆ ಎರಡೂ ಪಟ್ಟಿಗಳ ಮಾದರಿಗೆ ಸ್ವಲ್ಪ ಹೆಚ್ಚು ತೆರುವುದು ಸಾರ್ಥಕ. ಆದರೆ 5 ಗಿಗಾಹರ್ಟ್ಸ್ ಸಂಕೇತ ಗೋಡೆಗಳನ್ನು ದಾಟುವಲ್ಲಿ ದುರ್ಬಲ. ತಗಡಿನ ಶೆಡ್ಡಂತೂ ಎರಡನ್ನೂ ತಡೆಯುತ್ತದೆ.

ಯುಎಸ್‌ಬಿಯೋ, ಕಾರ್ಡೋ?

ಬೆರಳ ತುದಿಯಷ್ಟಿರುವ ಯುಎಸ್‌ಬಿ ಅಡಾಪ್ಟರನ್ನು ಕ್ಯಾಬಿನೆಟ್ಟಿನ ಹಿಂಬದಿಗೆ ಸಿಕ್ಕಿಸಿದರೆ ಲೋಹದ ಮರೆಯಲ್ಲಿ ಸಂಕೇತ ಕುಂದುತ್ತದೆ. ಹೊರ ಆಂಟೆನಾ ಇರುವ ಮಾದರಿಯನ್ನು ಒಂದು ಮೀಟರ್ ಯುಎಸ್‌ಬಿ ವಿಸ್ತರಣಾ ಕೇಬಲ್ಲಿನಿಂದ ಮೇಜಿನ ಮೇಲೆ ತಂದಿರಿಸುವುದು ಅತಿ ಅಗ್ಗದ ಪರಿಹಾರ. ಯುಎಸ್‌ಬಿ 3.0 ಕಿಂಡಿಯ ಚಟುವಟಿಕೆ 2.4 ಗಿಗಾಹರ್ಟ್ಸ್ ಸಂಕೇತಕ್ಕೆ ಅಡ್ಡಿಯುಂಟುಮಾಡುವ ಸಾಧ್ಯತೆಯಿದ್ದು, ಈ ದೂರ ಅದಕ್ಕೂ ಉಪಕಾರಿ. ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಸ್ಥಿರವಾದುದು. ಆದರೆ ಕ್ಯಾಬಿನೆಟ್ ತೆರೆಯಬೇಕು, ಖಾಲಿ ಸ್ಲಾಟ್ ಇರಬೇಕು.

ಡ್ರೈವರ್ ಮತ್ತು ಭದ್ರತೆ

ಡ್ರೈವರ್ ತಂತ್ರಾಂಶವನ್ನು ಸಿಡಿಯಲ್ಲಿ ಕೊಟ್ಟರೆ, ಸಿಡಿ ಡ್ರೈವ್ ಇಲ್ಲದ ಯಂತ್ರದಲ್ಲಿ ಅದು ನಿರುಪಯೋಗಿ. ಅಂತರ್ಜಾಲದಿಂದ ಇಳಿಸಿಕೊಳ್ಳೋಣವೆಂದರೆ ಸಂಪರ್ಕವೇ ಇಲ್ಲ! ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಅದರ ಡೇಟಾ ಹಂಚಿಕೊಂಡರೆ ಈ ತೊಡಕು ನಿವಾರಣೆಯಾಗುತ್ತದೆ. ಲಾರಿ ಕಾಯುತ್ತಿರುವಾಗಲೂ ಇದೇ ಆಪದ್ಧನ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿರುವುದರಿಂದ ಹೊಸ ಆವೃತ್ತಿಗೂ ಡ್ರೈವರ್ ಲಭ್ಯವೇ ಎಂದು ವಿಚಾರಿಸಬೇಕು. ಡಬ್ಲ್ಯೂಪಿಎ2ಕ್ಕಿಂತ ಹಳೆಯ ಭದ್ರತಾ ಕ್ರಮವನ್ನಷ್ಟೇ ಬಲ್ಲ ಸಾಧನ ಪುಕ್ಕಟೆ ಸಿಕ್ಕರೂ ಬೇಡ; ಅದರ ಮೂಲಕ ಹರಿಯುವುದು ಸಂಸ್ಥೆಯ ಲೆಕ್ಕಪತ್ರ.

ಲೆಕ್ಕದ ಮಾತು

ಖರೀದಿಗೆ ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ನಮೂದಿಸಿದ ತೆರಿಗೆ ಬಿಲ್ ಪಡೆಯಬೇಕು. ಅರ್ಹ ನೋಂದಾಯಿತರಿಗೆ ವ್ಯವಹಾರದ ಬಳಕೆಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಲಭ್ಯ, ಕಾಂಪೋಸಿಷನ್ ಪದ್ಧತಿಯವರಿಗಿಲ್ಲ. ತೆರಿಗೆಯ ಮೊತ್ತವನ್ನು ಆಸ್ತಿಯ ಬೆಲೆಗೆ ಸೇರಿಸಿ ಸವಕಳಿ ಪಡೆದರೆ ಅದೇ ಮೊತ್ತಕ್ಕೆ ಕ್ರೆಡಿಟ್ ದೊರೆಯದು. ಬಿಲ್ಲಿಲ್ಲದ ಅಗ್ಗದ ಮಾಲಿಗೆ ಕ್ರೆಡಿಟ್ಟೂ ಇಲ್ಲ, ವಾರಂಟಿಯ ಹಕ್ಕಿಗೆ ಆಧಾರವೂ ಇಲ್ಲ.

ಕೊಳ್ಳುವ ಮುನ್ನ ಗಣಕಯಂತ್ರವಿರುವ ಜಾಗದಲ್ಲೇ ಮೊಬೈಲ್ ಹಿಡಿದು ರೌಟರಿನ ಸಂಕೇತ ಪರೀಕ್ಷಿಸಬೇಕು. ಯಂತ್ರಗಳು ನಡೆಯುತ್ತಿರುವ ವೇಳೆಯಲ್ಲೇ ಪರೀಕ್ಷಿಸುವುದು ಒಳ್ಳೆಯದು. ಅಲ್ಲಿ ಮೊಬೈಲಿಗೇ ಸಂಕೇತ ಸಿಗದಿದ್ದರೆ ಬದಲಿಸಬೇಕಾದದ್ದು ರೌಟರಿನ ಸ್ಥಳ. ಅಡಾಪ್ಟರಿಗೆ ಹಣ ಸುರಿಯುವುದು ವ್ಯರ್ಥ.